ಹೊಸ ಲ್ಯಾಪ್‌ಟಾಪಿಗೆ ಯಾವ ಡ್ರೈವ್? ಅಂಗಡಿಯ ಮೆಟ್ಟಿಲೇರುವ ಮುನ್ನ ಪೋಷಕರು ಅರಿತಿರಬೇಕಾದುದು

ಪ್ಲಸ್ ಟು ಫಲಿತಾಂಶ ಪ್ರಕಟವಾದ ಬೆನ್ನಿಗೇ ಗಡಿನಾಡಿನ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಏಳುತ್ತದೆ. ಕಾಸರಗೋಡಿನಲ್ಲಾಗಲಿ, ಹೊಸೂರಿನಲ್ಲಾಗಲಿ, ಜತ್ತದಲ್ಲಾಗಲಿ, ಕನ್ನಡ ಮಾಧ್ಯಮದಲ್ಲಿ ಓದಿ ಮುಂದಿನ ಮೆಟ್ಟಿಲು ಹತ್ತುವ ಮಕ್ಕಳ ತಂದೆತಾಯಿ ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಕಂಪನಿಯದು ಒಳ್ಳೆಯದು? ಕಂಪನಿಯ ವಿಚಾರದಲ್ಲಿ ನಾವು ಅಭಿಪ್ರಾಯ ಹೇಳುವುದಿಲ್ಲ. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಮಗು ಬರೆದದ್ದು, ತೆಗೆದ ಚಿತ್ರ, ಅಧ್ಯಾಪಕರು ಕಳುಹಿಸಿದ ಟಿಪ್ಪಣಿ, ಇವೆಲ್ಲ ಕಟ್ಟಕಡೆಗೆ ಹೋಗಿ ಕುಳಿತುಕೊಳ್ಳುವುದು ಲ್ಯಾಪ್‌ಟಾಪಿನ ಒಳಗಿರುವ ಸಂಗ್ರಹ ಡ್ರೈವಿನಲ್ಲಿ. ಅಂಗಡಿಯಲ್ಲಿ ಅದರ ಬಗ್ಗೆ ನಡೆಯುವ ಮಾತು ‘512 ಇದೆ’ ಎಂಬಲ್ಲಿಗೆ ಮುಗಿಯುತ್ತದೆ.

ನಾವೂ ಹಾಗೆಯೇ ಕೊಂಡವರು. ಕೆಲವು ವರ್ಷಗಳ ಹಿಂದೆ ಕನ್ನಡ ಮಾಧ್ಯಮದ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ನಿವೃತ್ತ ಅಧ್ಯಾಪಕರೊಬ್ಬರ ಕಪಾಟಿನಲ್ಲಿದ್ದ ಹಳೆಯ ಪಠ್ಯಗಳನ್ನೂ ವಾರಗಟ್ಟಲೆ ಕುಳಿತು ಸ್ಕ್ಯಾನ್ ಮಾಡಿ, ಒಂದೇ ಲ್ಯಾಪ್‌ಟಾಪಿನ ಒಂದೇ ಡ್ರೈವಿನಲ್ಲಿ ಇರಿಸಿದ್ದೆವು. ಒಂದು ಮುಂಜಾನೆ ಯಂತ್ರ ತೆರೆದಾಗ ಅದಕ್ಕೆ ಡ್ರೈವೇ ಕಾಣಿಸಲಿಲ್ಲ. ಮುನ್ಸೂಚನೆ ಏನೂ ಇರಲಿಲ್ಲ. ದತ್ತಾಂಶ ಮರಳಿಸಿಕೊಡುವವರು ಹೇಳಿದ ಮೊತ್ತ ನಮ್ಮ ಶಕ್ತಿಗೆ ಮೀರಿತ್ತು. ಸಿಗುವ ಭರವಸೆಯೂ ಇರಲಿಲ್ಲ. ಮತ್ತೆ ಸ್ಕ್ಯಾನ್ ಮಾಡೋಣವೆಂದರೆ ಆ ಕಪಾಟು ಅಷ್ಟರಲ್ಲಿ ಖಾಲಿಯಾಗಿತ್ತು, ಕಾಗದಗಳು ರದ್ದಿಗೆ ಹೋಗಿದ್ದವು.

ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಯ ಡ್ರೈವ್ ಹಾಳಾದರೆ ಅವನ ಓದಿನ ಸಾಮಗ್ರಿ ಅದೇ ಸಂಜೆ ಅಂತರ್ಜಾಲದಿಂದ ಮರಳಿ ಬರುತ್ತದೆ. ನಮ್ಮ ಮಕ್ಕಳಿಗೆ ಹಾಗಲ್ಲ. ಈಗಿನ ಪಠ್ಯಪುಸ್ತಕಗಳೇನೋ ಸಿಗುತ್ತವೆ; ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪಿಡಿಎಫ್ ರೂಪದಲ್ಲಿ ಕೊಡುತ್ತದೆ, ಕೇರಳದ ಕನ್ನಡ ಮಾಧ್ಯಮದ ಪುಸ್ತಕಗಳೂ ಜಾಲದಲ್ಲಿವೆ. ಆದರೆ ಮಾದರಿ ಉತ್ತರ, ಅಧ್ಯಾಪಕರೇ ಅನುವಾದಿಸಿಕೊಟ್ಟ ವಿಜ್ಞಾನದ ಟಿಪ್ಪಣಿ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಶಾಲಾ ಹಸ್ತಪತ್ರಿಕೆ ಇವು ಒಬ್ಬರ ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ದಾಟಿಯೇ ಉಳಿದುಕೊಂಡು ಬಂದಿವೆ. ಆದುದರಿಂದ ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ: ಒಳಗಿನ ಡ್ರೈವಿಗೆ ಇರುವ ಹಣವನ್ನೆಲ್ಲ ಸುರಿಯಬೇಡಿ. ಒಳಗೆ ಮಧ್ಯಮ ಗಾತ್ರದ ಒಂದು ಎಸ್‌ಎಸ್‌ಡಿ, ಹೊರಗೆ ಅಗ್ಗದ ಒಂದು ಹಾರ್ಡ್ ಡಿಸ್ಕ್. ಅಡಿಕೆ ಒಣಗುವುದು ಅಂಗಳದಲ್ಲಿ, ಉಳಿಯುವುದು ಅಟ್ಟದಲ್ಲಿ. ಎರಡು ಕೆಲಸಕ್ಕೂ ಒಂದೇ ಜಾಗ ಒಗ್ಗುವುದಿಲ್ಲ.

ಇನ್ನು ವಿವರ. ಮೊದಲಿಗೆ ಒಂದು ಗೊಂದಲವನ್ನು ನಿವಾರಿಸೋಣ. ಡಬ್ಬಿಯ ಮೇಲೆ 8 ಜಿಬಿ, 512 ಜಿಬಿ ಎಂದು ಎರಡು ಸಂಖ್ಯೆಗಳಿರುತ್ತವೆ. ಚಿಕ್ಕದು ರ‍್ಯಾಮ್, ಅದು ತರಗತಿಯ ಕರಿಹಲಗೆಯಂತೆ, ಯಂತ್ರ ಆರಿಸಿದೊಡನೆ ಅಳಿಯುತ್ತದೆ. ದೊಡ್ಡದು ಡ್ರೈವ್, ಅದು ನೋಟ್‌ಪುಸ್ತಕ. ನಾವಿಲ್ಲಿ ಹೇಳುತ್ತಿರುವುದು ಈ ನೋಟ್‌ಪುಸ್ತಕದ ಬಗ್ಗೆ.

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವಿರುವ ತಟ್ಟೆಗಳು ತಿರುಗುತ್ತವೆ. ಗ್ರಾಮೊಫೋನಿನ ಮುಳ್ಳಿನಂತಹ ಒಂದು ತೋಳು ಅವುಗಳ ಮೇಲೆ ಅತ್ತಿತ್ತ ಸರಿದು ಓದುತ್ತದೆ. ಲ್ಯಾಪ್‌ಟಾಪಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಇದು ವೇಗವೆನಿಸಬಹುದು. ಆದರೆ ಬೇಕಾದ ಅಕ್ಷರ ತೋಳಿನ ಕೆಳಗೆ ಬರಲು ಒಂದು ಸುತ್ತಿನ ಕಾಲದವರೆಗೂ, ಎಂದರೆ ಸೆಕೆಂಡಿನ ತೊಂಬತ್ತನೆಯ ಒಂದು ಭಾಗದವರೆಗೂ, ಕಾಯಬೇಕಾಗಬಹುದು; ತೋಳು ಸರಿಯುವ ಕಾಲ ಬೇರೆ. ಯಂತ್ರ ಎಚ್ಚರಗೊಳ್ಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕು. ಕಾಯುವಿಕೆ ಕೂಡಿ ಕೂಡಿ ನಿಮಿಷಗಳಾಗುವುದು ಹೀಗೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಸಿಲಿಕಾನಿನ ಪುಟ್ಟ ಕೋಶಗಳಲ್ಲಿ ವಿದ್ಯುದಾವೇಶ ಕೂಡಿಟ್ಟು ಅದನ್ನೇ ಅಕ್ಷರವೆಂದು ಓದುತ್ತಾರೆ. ಯಾವ ಕೋಶಕ್ಕೂ ಕಾಯದೆ ಹೋಗಬಹುದು. ಬಸ್ಸಿನ ಕುಲುಕಾಟವೂ ಅದನ್ನು ಬಾಧಿಸುವುದಿಲ್ಲ. ಹೊಸ ಲ್ಯಾಪ್‌ಟಾಪಿನ ಒಳಗೆ ಎಸ್‌ಎಸ್‌ಡಿಯೇ ಇರಬೇಕು, ಇದರಲ್ಲಿ ಚರ್ಚೆಯಿಲ್ಲ. ‘1 ಟಿಬಿ’ ಎಂದು ದೊಡ್ಡಕ್ಷರದಲ್ಲಿ ಬರೆದು ಅಗ್ಗಕ್ಕೆ ಮಾರುವ ಹಳೆಯ ದಾಸ್ತಾನಿನಲ್ಲಿ ಹಾರ್ಡ್ ಡಿಸ್ಕ್ ಇರುವುದುಂಟು. ಸಂಖ್ಯೆಯ ದೊಡ್ಡತನಕ್ಕೆ ಮರುಳಾಗಬೇಡಿ.

ಎಸ್‌ಎಸ್‌ಡಿ ಎಂದರೂ ಒಂದೇ ಬಗೆಯಲ್ಲ. ಸಾಟಾ ಎಂಬ ಹಳೆಯ ದಾರಿಯಲ್ಲಿ ಬರುವುದು ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿಯಷ್ಟು ಓದುತ್ತದೆ. ಎನ್‌ವಿಎಂಇ ಎಂಬ ಹೊಸ ದಾರಿಯದು, ಮೂರನೆಯ ತಲೆಮಾರಿನಲ್ಲಿ 3500 ಎಂಬಿಯವರೆಗೆ, ನಾಲ್ಕನೆಯದರಲ್ಲಿ 7000 ಎಂಬಿಯವರೆಗೆ. ಕೇಳಲು ಭಾರೀ ಅಂತರ. ಆದರೆ ಮನೆಯಲ್ಲಿ ಬರೆಯುವ, ಓದುವ, ಪಾಠ ನೋಡುವ ವಿದ್ಯಾರ್ಥಿಗೆ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಕಣ್ಣಿಗೆ ಕಾಣುತ್ತದೆ; ಅದರಿಂದಾಚೆಗಿನದು ಬಹುಪಾಲು ಜಾಹೀರಾತಿನ ಕಾಗದದಲ್ಲಿ ಮಾತ್ರ ಕಾಣುತ್ತದೆ. ನಾಲ್ಕನೆಯ ತಲೆಮಾರಿಗೆಂದು ಸಾವಿರಾರು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಎಚ್ಚರ ವಹಿಸಬೇಕಾದದ್ದು ಇನ್ನೊಂದು ಕಡೆ. ಅತಿ ಅಗ್ಗದ ಲ್ಯಾಪ್‌ಟಾಪುಗಳಲ್ಲಿ 64 ಅಥವಾ 128 ಜಿಬಿಯ ಇಎಂಎಂಸಿ ಎಂಬ ಸಂಗ್ರಹವಿರುತ್ತದೆ. ಇದೂ ಸಿಲಿಕಾನಿನದೇ, ಆದರೆ ಮೊಬೈಲಿಗೆಂದು ಹುಟ್ಟಿದ್ದು, ವೇಗ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ತಾಯಿಹಲಗೆಗೇ ಬೆಸೆದಿರುತ್ತಾರೆ. ನಾಳೆ ಜಾಗ ಸಾಲದಾದರೆ ಬದಲಿಸುವಂತಿಲ್ಲ. ಹಲಗೆ ಕೆಟ್ಟರೆ ಡ್ರೈವನ್ನು ಕಳಚಿ ಬೇರೆ ಯಂತ್ರಕ್ಕೆ ಹಾಕಿ ಕಡತ ತೆಗೆಯುವಂತೆಯೂ ಇಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ನಿಗದಿಪಡಿಸಿದ ಕನಿಷ್ಠ ಸಂಗ್ರಹವೇ 64 ಜಿಬಿ. ಹೀಗಿರುವಾಗ 64 ಜಿಬಿಯ ಯಂತ್ರ ಕೊಂಡ ಮನೆಯಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಬಂದ ದಿನವೇ ಕಷ್ಟ ಆರಂಭವಾಗುತ್ತದೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ.

ಎಷ್ಟು ಜಾಗ ಬೇಕು? ಇಲ್ಲಿ ಕನ್ನಡದ ಲೆಕ್ಕವನ್ನೇ ಮಾಡಿ ನೋಡೋಣ. ಯೂನಿಕೋಡ್ ಕಡತಗಳಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ‘ಕಾಸರಗೋಡು’ ಎಂದು ಬರೆದರೆ ವ್ಯಂಜನ, ಸ್ವರಚಿಹ್ನೆಗಳು ಸೇರಿ 8 ಸಂಕೇತ, 24 ಬೈಟ್. ಮೂರು ಪಟ್ಟು ಎಂದು ಗಾಬರಿಯಾಗಬೇಕಿಲ್ಲ. ಪುಟಕ್ಕೆ 2000 ಸಂಕೇತದಂತೆ 300 ಪುಟದ ಪುಸ್ತಕವೊಂದನ್ನು ಅಕ್ಷರರೂಪದಲ್ಲಿ ಇಟ್ಟರೆ 2 ಎಂಬಿಯೂ ಆಗದು. ಅದೇ ಪುಸ್ತಕವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿದರೆ ಪುಟವೊಂದಕ್ಕೆ ಸುಮಾರು 1 ಎಂಬಿ, ಒಟ್ಟು 300 ಎಂಬಿ. ಒಂದು ಗಂಟೆಯ ಪಾಠದ ವೀಡಿಯೋ ಅದರ ಎರಡು ಮೂರು ಪಟ್ಟು. ಜಾಗ ತಿನ್ನುವುದು ಬರಹವಲ್ಲ, ಚಿತ್ರ ಮತ್ತು ಚಲನಚಿತ್ರ. ಅವನ್ನು ಹೊರಗಿನ ಡ್ರೈವಿಗೆ ಸಾಗಿಸುವ ಅಭ್ಯಾಸವಿದ್ದರೆ ಒಳಗೆ 512 ಜಿಬಿ ಧಾರಾಳ.

256 ಸಾಲದೇ ಎಂದು ಕೇಳುವವರಿದ್ದಾರೆ. ಬರವಣಿಗೆ, ಲೆಕ್ಕಪತ್ರ, ಅಂತರ್ಜಾಲ ಇಷ್ಟೇ ಆದರೆ ಸಾಕು. ಆದರೆ ಕಾಸರಗೋಡಿನ ಮನೆಗಳಿಗೆ ಒಂದು ವಿಶೇಷ ಕಾರಣದಿಂದ ನಾವು 512 ಹೇಳುತ್ತೇವೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಗ್ನು ಲಿನಕ್ಸ್ ವ್ಯವಸ್ಥೆಯಲ್ಲಿ. ಮನೆಯ ಯಂತ್ರದಲ್ಲಿ ವಿಂಡೋಸ್ ಇರುತ್ತದೆ. ಪ್ರಯೋಗಾಲಯದ ಪಾಠವನ್ನು ಮನೆಯಲ್ಲಿ ಅಭ್ಯಾಸ ಮಾಡಬೇಕೆಂದರೆ ಎರಡನ್ನೂ ಒಂದೇ ಡ್ರೈವಿನಲ್ಲಿ ಅಕ್ಕಪಕ್ಕ ಇಡಬಹುದು. ಉಬುಂಟುವಿಗೆ ಕನಿಷ್ಠ 25 ಜಿಬಿ ಬೇಕು. ಮಗು ನಿರಾಳವಾಗಿ ಕೆಲಸ ಮಾಡಲು 60ರಿಂದ 80 ಜಿಬಿ ಬಿಡುವುದು ಲೇಸು. ತಮ್ಮ ತಂಗಿ ಇನ್ನೂ ಶಾಲೆಯಲ್ಲಿರುವ ಮನೆಗೆ ಇದು ಅಂದಗೆಟ್ಟ ಖರ್ಚಲ್ಲ. ಇಂಜಿನಿಯರಿಂಗ್ ಸೇರುವವರ ತಂತ್ರಾಂಶಗಳಂತೂ ಒಂದೊಂದೇ ಹತ್ತಾರು ಜಿಬಿ ಬೇಡುತ್ತವೆ. 1 ಟಿಬಿ ಬೇಕಾಗುವುದು ವೀಡಿಯೋ ಸಂಕಲನ ಮಾಡುವವರಿಗೆ ಮಾತ್ರ.

512 ಜಿಬಿ ಎಂದು ಕೊಂಡದ್ದು ತೆರೆಯ ಮೇಲೆ 476 ಎಂದು ತೋರಿದಾಗ ಅಂಗಡಿಯವನೊಡನೆ ಜಗಳಕ್ಕೆ ಹೋದವರು ನಮಗೆ ಗೊತ್ತು. ಮೋಸವಲ್ಲ. ತಯಾರಕರಿಗೆ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಎಣಿಸುವ 1 ಜಿಬಿ ಸುಮಾರು 107 ಕೋಟಿ 37 ಲಕ್ಷ ಬೈಟ್. ಸೇರು ಬೇರೆ, ಅಕ್ಕಿ ಅಷ್ಟೇ. ಹಾಗೆಯೇ ಎಸ್‌ಎಸ್‌ಡಿಯನ್ನು ಗಂಟಲವರೆಗೆ ತುಂಬಿಸಬಾರದು. ಬರೆಯುವ ಮುನ್ನ ಹಳೆಯ ಕೋಶಗಳನ್ನು ಗುಂಪುಗುಂಪಾಗಿ ಅಳಿಸಿಕೊಳ್ಳಬೇಕಾದ ಸ್ವಭಾವ ಅದರದು. ಹತ್ತರಲ್ಲಿ ಒಂದೆರಡು ಪಾಲು ಖಾಲಿಯಿದ್ದರೆ ಸುಲಲಿತವಾಗಿ ನಡೆಯುತ್ತದೆ.

ಹಳೆಯ ಲ್ಯಾಪ್‌ಟಾಪಿಗೆ ಡ್ರೈವನ್ನು ಬಿಡಿಯಾಗಿ ಕೊಳ್ಳುವವರಿಗೂ ಎರಡು ಮಾತು. ಎಂ.2 ಎಂಬ ಚೂಯಿಂಗ್ ಗಮ್ ಪಟ್ಟಿಯಂತಹ ಡ್ರೈವಿನ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. 2242 ಮತ್ತು 2230 ಎಂಬ ಗಿಡ್ಡ ಅಳತೆಗಳೂ ಇವೆ. ಆಕಾರ ಒಂದೇ ಆಗಿದ್ದರೂ ಕೆಲವು ಸಾಟಾ, ಕೆಲವು ಎನ್‌ವಿಎಂಇ. ಸ್ಥಳ ಯಾವುದನ್ನು ಒಪ್ಪುತ್ತದೆಂದು ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹಿಡಿದು ತಯಾರಕರ ಪುಟದಲ್ಲಿ ನೋಡಿಯೇ ಕೊಳ್ಳಿ. ಇನ್ನು ಟಿಎಲ್‌ಸಿ, ಕ್ಯೂಎಲ್‌ಸಿ ಎಂಬ ಪದಗಳು. ಒಂದೇ ಕೊಳಗದಲ್ಲಿ ಎಂಟು ಗೆರೆ ಹಾಕಿ ಅಳೆಯುವುದಕ್ಕೂ ಹದಿನಾರು ಗೆರೆ ಹಾಕಿ ಅಳೆಯುವುದಕ್ಕೂ ಇರುವ ವ್ಯತ್ಯಾಸ ಅದು. ಟಿಎಲ್‌ಸಿಯ ಕೋಶ 8 ಮಟ್ಟಗಳನ್ನು, ಕ್ಯೂಎಲ್‌ಸಿಯದು 16 ಮಟ್ಟಗಳನ್ನು ಗುರುತಿಸಬೇಕು; ಗೆರೆ ಹೆಚ್ಚಾದಂತೆ ಅಗ್ಗವಾಗುತ್ತದೆ, ನಿಧಾನವಾಗುತ್ತದೆ, ಬೇಗ ಸವೆಯುತ್ತದೆ. 500 ಜಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವಿಗೆ ಸುಮಾರು 300 ಟಿಬಿ ಬರೆಯುವವರೆಗೆ ಖಾತರಿ ಕೊಡುವುದು ರೂಢಿ. ಕೆಲವು ಕ್ಯೂಎಲ್‌ಸಿಗಳಲ್ಲಿ ಅದು 110 ಟಿಬಿಯಷ್ಟೇ. ಆದರೂ ದಿನಕ್ಕೆ 20 ಜಿಬಿ ಬರೆದರೆ 110 ಟಿಬಿ ಮುಗಿಯಲು 15 ವರ್ಷ. ಸವೆತದ ಭಯಕ್ಕಿಂತ ಖಾತರಿ ಮೂರು ವರ್ಷದ್ದೋ ಐದು ವರ್ಷದ್ದೋ ಎಂದು ನೋಡುವುದೇ ಹೆಚ್ಚು ಉಪಯುಕ್ತ.

ಅಂಗಡಿಯಲ್ಲಿ ಮಾತು ಮಲಯಾಳದಲ್ಲಿ ನಡೆಯಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಅಥವಾ ತೆಲುಗಿನಲ್ಲಿ ನಡೆಯಲಿ, ಡಬ್ಬಿಯ ಮೇಲಿನ ಚೀಟಿ ಎಲ್ಲೆಡೆ ಇಂಗ್ಲಿಷಿನದೇ. ಮಾತಿಗಿಂತ ಚೀಟಿಯನ್ನು ನಂಬಿ. ಡ್ರೈವಿನ ಬಗೆ ಮತ್ತು ಗಾತ್ರವನ್ನು ಬಿಲ್ಲಿನಲ್ಲಿ ಬರೆಸಿ. ಎರಡನೆಯ ಡ್ರೈವಿಗೆ ಒಳಗೆ ಸ್ಥಳವಿದೆಯೇ, ಬೆನ್ನು ಬಿಚ್ಚಿದರೆ ಖಾತರಿ ಹೋಗುತ್ತದೆಯೇ ಎಂದೂ ಕೇಳಿ. ಯಂತ್ರವನ್ನು ಅಲ್ಲೇ ತೆರೆಸಿ, ಟಾಸ್ಕ್ ಮ್ಯಾನೇಜರಿನ ಕಾರ್ಯಕ್ಷಮತೆಯ ಪುಟದಲ್ಲಿ ಡಿಸ್ಕ್ ಎಂಬಲ್ಲಿ ಎಸ್‌ಎಸ್‌ಡಿ ಎಂದಿದೆಯೇ ನೋಡಬಹುದು. ಬಳಸಿದ ಯಂತ್ರ ಕೊಳ್ಳುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಸಿದರೆ ಡ್ರೈವ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ ಎಂದು ಅದು ತೋರಿಸುತ್ತದೆ.

ಈಗ ಹೊರಗಿನ ಡ್ರೈವಿಗೆ ಬರೋಣ. ನಮ್ಮ ಮಟ್ಟಿಗೆ ಇದೇ ಮುಖ್ಯ. ನಿಧಾನವೆಂದು ಒಳಗೆ ಬೇಡವೆಂದ ಹಾರ್ಡ್ ಡಿಸ್ಕನ್ನೇ ಹೊರಗೆ ಏಕೆ ಹೇಳುತ್ತೇವೆ? ಜಿಬಿಯೊಂದಕ್ಕೆ ಬೀಳುವ ಬೆಲೆ ಕಡಿಮೆ ಎಂಬುದು ಒಂದು ಕಾರಣ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತದ ಜಾಗವನ್ನು ಯಂತ್ರ ಸ್ವಲ್ಪ ಹೊತ್ತಿನಲ್ಲೇ ನಿಜವಾಗಿಯೂ ಒರೆಸಿಬಿಡುತ್ತದೆ. ಕೈತಪ್ಪಿ ಅಳಿಸಿದ್ದು ಮರಳಿ ಬರುವುದು ದುರ್ಲಭ. ಹಾರ್ಡ್ ಡಿಸ್ಕಿನಲ್ಲಿ ಅದರ ಮೇಲೆ ಬೇರೆ ಬರೆಯುವವರೆಗೆ ಹಲವು ವೇಳೆ ಉಳಿದಿರುತ್ತದೆ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಹೆಚ್ಚಾಗಿ ನರಳುತ್ತದೆ, ಟಕ್ ಟಕ್ ಎನ್ನುತ್ತದೆ, ತಡೆಯುತ್ತದೆ. ಎಸ್‌ಎಸ್‌ಡಿ ಮಾತಿಲ್ಲದೆ ಹೋಗುವುದೇ ಹೆಚ್ಚು, ನಮಗೆ ಆದದ್ದು ಅದೇ. ಇನ್ನೊಂದು: ಸವೆದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ವರ್ಷ ಬರಹ ಹಿಡಿದಿಟ್ಟರೆ ಸಾಕು ಎನ್ನುವುದು ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡ. ಹೊಸತು ಅದಕ್ಕಿಂತ ಬಹುಕಾಲ ತಾಳುತ್ತದೆ, ನಿಜ. ಆದರೂ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿಸಿಡುವ ವಸ್ತು ಅದಲ್ಲ.

ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ಅದನ್ನು ಎತ್ತಬಾರದು, ಬೀಳಿಸಬಾರದು. ಮಳೆಗಾಲದ ಕರಾವಳಿಯಲ್ಲಾದರೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡಿ. ಅಕ್ಕಿಯ ಡಬ್ಬಿ ಬೇಡ, ಧೂಳು ಹೊಕ್ಕೀತು. ಅದನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಸಿದ್ಧಗೊಳಿಸಿದರೆ ಮನೆಯ ವಿಂಡೋಸಿನಲ್ಲಿಯೂ ಶಾಲೆಯ ಉಬುಂಟುವಿನಲ್ಲಿಯೂ ತೆರೆಯುತ್ತದೆ. ಹಳೆಯ ಫ್ಯಾಟ್32 ಕ್ರಮ 4 ಜಿಬಿಗಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ.

ಬರಿಯ ಎರಡು ಪ್ರತಿ ಸಾಕೇ ಎಂದರೆ, ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಗೂಗಲ್ ಖಾತೆಯೊಂದಕ್ಕೆ ಅಂಚೆ, ಚಿತ್ರ ಎಲ್ಲ ಸೇರಿ 15 ಜಿಬಿ ಉಚಿತ. ಮೇಲಿನ ಲೆಕ್ಕದಂತೆ ಬರಹಕ್ಕೂ ಆಯ್ದ ಸ್ಕ್ಯಾನುಗಳಿಗೂ ಅದು ಸಾಕಾಗುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಒಂದು ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

ಕೆಲವು ನೂರು ರೂಪಾಯಿಗೆ 2 ಟಿಬಿ, 16 ಟಿಬಿ ಎಂದು ಜಾಲದಲ್ಲಿ ಮಾರುವ ಪೆನ್ ಡ್ರೈವುಗಳನ್ನೂ ‘ಎಸ್‌ಎಸ್‌ಡಿ’ಗಳನ್ನೂ ದಯವಿಟ್ಟು ಕೊಳ್ಳಬೇಡಿ. ಒಳಗೆ ಇರುವುದು ಪುಟ್ಟದೊಂದು ಮೆಮೊರಿ ಕಾರ್ಡ್. ತನ್ನ ಗಾತ್ರವನ್ನು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೂ ಅದು ಕಡತಗಳನ್ನು ಸ್ವೀಕರಿಸುತ್ತಲೇ ಇರುತ್ತದೆ, ಹೆಸರುಗಳೂ ಕಾಣುತ್ತವೆ, ತೆರೆದರೆ ಒಳಗೆ ಏನೂ ಇಲ್ಲ. ಹೊಸ ಡ್ರೈವ್ ಮನೆಗೆ ಬಂದ ವಾರದಲ್ಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿಂದ ಪರೀಕ್ಷಿಸಿ. ಅವು ಡ್ರೈವನ್ನು ಪೂರ್ತಿ ತುಂಬಿಸಿ ಮರಳಿ ಓದಿ ನೋಡುತ್ತವೆ. ರಾತ್ರಿ ಹಚ್ಚಿಟ್ಟು ಮಲಗಿದರಾಯಿತು.

ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್ 11ರ ಇತ್ತೀಚಿನ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದೊಡನೆ ಡ್ರೈವ್ ತಾನಾಗಿಯೇ ಗೂಢಲಿಪಿಗೆ ಬದಲಾಗುವುದುಂಟು. ಕಳ್ಳನ ಕೈಗೆ ಸಿಕ್ಕರೂ ಓದಲಾಗದು, ಒಳ್ಳೆಯದೇ. ಆದರೆ ಯಂತ್ರ ಕೆಟ್ಟು ಡ್ರೈವನ್ನು ಬೇರೆಡೆ ಜೋಡಿಸಿದಾಗ 48 ಅಂಕಿಯ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇರುವುದು ಮೊದಲು ಪ್ರವೇಶಿಸಿದ ಖಾತೆಯಲ್ಲಿ. ನಮ್ಮ ಕಡೆ ಅಂಗಡಿಯ ಹುಡುಗನೇ ತನ್ನದೋ ಹೊಸದಾಗಿ ಸೃಷ್ಟಿಸಿದ್ದೋ ಒಂದು ಖಾತೆ ಹಾಕಿ ಯಂತ್ರ ಕೊಟ್ಟುಬಿಡುತ್ತಾನೆ. ಗುಪ್ತಪದ ಯಾರಿಗೂ ನೆನಪಿರುವುದಿಲ್ಲ. ಮಗುವಿನ ಅಥವಾ ಮನೆಯವರ ಸ್ವಂತ ಖಾತೆಯಿಂದಲೇ ಆರಂಭಿಸಿ, ಕೀಲಿಯನ್ನು ಕಾಗದದಲ್ಲಿ ಬರೆದು ಪಡಿತರ ಚೀಟಿಯ ಜೊತೆಗಿಡಿ. ಉಬುಂಟುವನ್ನು ಪಕ್ಕಕ್ಕೆ ಸೇರಿಸುವ ಮುನ್ನವೂ ಈ ಕೀಲಿ ಕೈಯಲ್ಲಿರಬೇಕು.

ಹಳೆಯ ಯಂತ್ರದಿಂದ ಹೊಸದಕ್ಕೆ ಕಡತ ದಾಟಿಸುವಾಗ ಕನ್ನಡಿಗರಿಗೇ ವಿಶಿಷ್ಟವಾದ ತೊಡಕೊಂದು ಎದುರಾಗುತ್ತದೆ. ಅಧ್ಯಾಪಕರ ಹಳೆಯ ಟಿಪ್ಪಣಿಗಳು ಬಹುಮಟ್ಟಿಗೆ ಹಳೆಯ ನುಡಿ ಅಥವಾ ಬರಹದ ಫಾಂಟುಗಳಲ್ಲಿವೆ, ಯೂನಿಕೋಡಿನಲ್ಲಲ್ಲ. ಕಡತ ಮಾತ್ರ ಬಂದು ಫಾಂಟು ಬಾರದಿದ್ದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಕೆಟ್ಟಿದೆಯೆಂದು ಅಳಿಸಿದವರಿದ್ದಾರೆ! ಫಾಂಟುಗಳನ್ನೂ ಜೊತೆಗೆ ಸಾಗಿಸಿ; ಸಾಧ್ಯವಾದಾಗ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಮೂಲವನ್ನೂ ಇಟ್ಟುಕೊಳ್ಳಿ.

ಕೊನೆಗೆ ಉಳಿಯುವುದು ಹಳೆಯ ಲ್ಯಾಪ್‌ಟಾಪಿನೊಳಗಿನ ಹಾರ್ಡ್ ಡಿಸ್ಕ್. ವಿನಿಮಯಕ್ಕೆ ಕೊಡುವ ಮುನ್ನ ಅದನ್ನು ಕಳಚಿಕೊಡಲು ಹೇಳಿ. ಅದಿಲ್ಲದಿದ್ದರೆ ವಿನಿಮಯದ ಬೆಲೆ ಎಷ್ಟು ಕಡಿಮೆಯಾಗುತ್ತದೆಂದು ಕೇಳಿಯೇ ನಿರ್ಧರಿಸಬಹುದು. 2.5 ಇಂಚಿನ ಸಾಟಾ ಡಿಸ್ಕನ್ನು ಕೂರಿಸುವ ಯುಎಸ್‌ಬಿ ಕವಚ ಕೆಲವು ನೂರು ರೂಪಾಯಿಗೆ ಸಿಗುತ್ತದೆ; ಆರೋಗ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮೂರನೆಯ ಪ್ರತಿಗೆ ಅದೇ ಸಾಕು. ಕೊಟ್ಟೇ ಬಿಡುವುದಾದರೆ ಅದರಲ್ಲಿರುವ ಆಧಾರ್, ಭಾಷಾ ಅಲ್ಪಸಂಖ್ಯಾತ ಪ್ರಮಾಣಪತ್ರ, ಅಂಕಪಟ್ಟಿಗಳ ಪ್ರತಿಗಳನ್ನು ಮೊದಲು ಹೊಸ ಡ್ರೈವಿನಲ್ಲಿ ತೆರೆದು ಓದಿ ನೋಡಿ, ಅನಂತರವೇ ಹಳೆಯದನ್ನು ಪೂರ್ತಿ ಒರೆಸಿ.